ತಾಲೂಕುವಾರು ಧ್ರುವಗಳು

ಬಂಗಾರಪೇಟೆ ತಾಲೂಕಿನಲ್ಲಿ ಅಯಸ್ಕಾಂತದ ಉತ್ತರ ಧ್ರುವವು ಉತ್ತರ ದಿಕ್ಕಿಗೂ, ಕೆ.ಜಿ.ಎಫ್. ತಾಲೂಕಿನಲ್ಲಿ ಅದೇ ಧ್ರುವವು ದಕ್ಷಿಣ ದಿಕ್ಕಿಗೂ ಮುಖ ಮಾಡಿ ನಿಲ್ಲತಕ್ಕದ್ದು ಎಂದು ಈ ಮೂಲಕ ಸಂಬಂಧಪಟ್ಟ ಎಲ್ಲರ ಗಮನಕ್ಕೆ ತರಲಾಗಿದೆ.

ಮೇಲಿನ ವಾಕ್ಯವನ್ನು ಟೈಪು ಮಾಡಿದವನು ನಾನೇ. ಅದರಲ್ಲಿ ಒಂದೇ ಒಂದು ಕಾಗುಣಿತದ ತಪ್ಪಿಲ್ಲ. ಆದರೂ ಕೆಲವರು, ಮುಖ್ಯವಾಗಿ ನನ್ನ ಹೆಂಡತಿಯ ಕಾಲೇಜು ಓದುವ ತಮ್ಮ, ಅದನ್ನು ಓದಿ ನಗುತ್ತಾರೆ. ನಗುವವರಿಗೆ ಕಡತದ ಹಿನ್ನೆಲೆ ಗೊತ್ತಿರುವುದಿಲ್ಲ. ಹಿನ್ನೆಲೆ ಗೊತ್ತಿಲ್ಲದೆ ನೋಡಿದರೆ ಯಾವ ಆದೇಶವೂ ಒಂದಿಷ್ಟು ವಿಚಿತ್ರವಾಗಿಯೇ ಕಾಣುತ್ತದೆ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ನನ್ನ ಹೆಸರು ನಾಗೇಶ್. ಬಂಗಾರಪೇಟೆಯ ಕಲಿಕಾ ಸಾಮಗ್ರಿ ಏಕರೂಪತಾ ಕೋಶದಲ್ಲಿ ವಿಷಯ ನಿರ್ವಾಹಕ. ಕೋಶ ಇರುವುದು ಒಂದು ಚಾಟ್ ಅಂಗಡಿಯ ಮೇಲಿನ ಮಹಡಿಯಲ್ಲಿ. ಸಂಜೆ ನಾಲ್ಕಾಯಿತೆಂದರೆ ನಮ್ಮ ಕಡತಗಳಿಗೆಲ್ಲ ಪುದೀನ, ಹಸಿಮೆಣಸಿನಕಾಯಿಯ ವಾಸನೆ ಹತ್ತುತ್ತದೆ. ಬಂಗಾರಪೇಟೆ ಮತ್ತು ಕೆ.ಜಿ.ಎಫ್. ತಾಲೂಕಿನ ಶಾಲೆಗಳಲ್ಲಿ ಒಂದೇ ಬಗೆಯ ಸಾಮಗ್ರಿ ಇರುವಂತೆ ನೋಡಿಕೊಳ್ಳುವುದು ಕೋಶದ ಕೆಲಸ. ಎರಡೂ ಒಂದೇ ತಾಲೂಕಾಗಿದ್ದಾಗ ಈ ಕೋಶ ಇರಲಿಲ್ಲ. ಎರಡಾದ ಮೇಲೆ, ಎರಡೂ ಒಂದೇ ರೀತಿ ಇರಲಿ ಎಂದು ಹುಟ್ಟಿತು.

ಕೋಶದ ಮುಖ್ಯಸ್ಥರು ಸಂಯೋಜನಾಧಿಕಾರಿ ಜಯರಾಮಪ್ಪನವರು. ಬಂಗಾರಪೇಟೆ ಪಕ್ಕದ ಹಳ್ಳಿಯವರು, ಮನೆಯಲ್ಲಿ ನಾಲ್ಕು ಸೀಮೆಹಸು ಇವೆ. ಬೆಳಗಿನ ಹಾಲನ್ನು ಡೈರಿಗೆ ಹಾಕಿ ಕಚೇರಿಗೆ ಬರುತ್ತಾರೆ. ಕಡತಕ್ಕೆ ಒಂದು ಕನ್ನಡ, ಬಾಯಿಗೆ ಒಂದು ಕನ್ನಡ ಇಟ್ಟುಕೊಂಡಿದ್ದಾರೆ. ಕಡತದಲ್ಲಿ 'ಪರಿಶೀಲಿಸಿ ಮಂಡಿಸುವುದು' ಎಂದು ಬರೆದು, ನನ್ನ ಕಡೆ ತಿರುಗಿ 'ಅದೇನಂತ ನೋಡಾಕ್ಲಾ' ಅನ್ನುತ್ತಾರೆ. ಎರಡಕ್ಕೂ ಅರ್ಥ ಒಂದೇ, ಆ ಕೆಲಸ ಸದ್ಯಕ್ಕೆ ಆಗುವುದಿಲ್ಲ ಎಂದು. ಮನುಷ್ಯ ಕೆಟ್ಟವರಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಮುಂದೆ ಹೇಳಲು ಸಂದರ್ಭ ಸಿಗದೆ ಹೋಗಬಹುದು.

ಕಳೆದ ವರ್ಷ ಕೋಶವು 'ಆಕಾರ ಮತ್ತು ಆಕರ್ಷಣೆ' ಎಂಬ ಕಲಿಕಾ ಪೆಟ್ಟಿಗೆಯನ್ನು ತಾಲೂಕಿಗೆ ನೂರಿಪ್ಪತ್ತರಂತೆ ಹಂಚಿತು. ಆಕಾರದ ಬಾಬ್ತಿಗೆ ಪ್ಲಾಸ್ಟಿಕ್ಕಿನ ವೃತ್ತ, ತ್ರಿಭುಜ, ಚೌಕ, ಆಯತ. ಆಕರ್ಷಣೆಯ ಬಾಬ್ತಿಗೆ ಒಂದು ದಂಡಕಾಂತ, ಅಂದರೆ ಬೆರಳುದ್ದದ ಅಯಸ್ಕಾಂತದ ಪಟ್ಟಿ. ಸರಬರಾಜಿನ ಗುತ್ತಿಗೆ ಓಂಕಾರಪ್ಪ ಎಂಬುವರದು. ಅವರು ಮಕ್ಕಳ ಸುರಕ್ಷತೆಯ ಬಗ್ಗೆ ಬಹಳ ಕಾಳಜಿ ಉಳ್ಳವರು. ತ್ರಿಭುಜದ ಮೊನೆ ಎಲ್ಲಿ ಕಣ್ಣಿಗೆ ಚುಚ್ಚೀತೋ ಎಂದು ಮೂರೂ ಮೂಲೆಗಳನ್ನು ಕತ್ತರಿಸಿ ಕಳಿಸಿದ್ದರು. ಹೀಗಾಗಿ ಅದಕ್ಕೆ ಆರು ಭುಜಗಳಾಗಿದ್ದವು. ಕತ್ತರಿಸಿದ ಚೂರುಗಳಿಂದ ಅವರು ಕೀಲಿ ಗೊಂಚಲು ಮಾಡಿ ಮಾರುತ್ತಿದ್ದರು ಎಂಬ ಮಾತಿದೆ, ಅದು ಕಡತದಲ್ಲಿಲ್ಲ. ಕೋಶವು ಪರಿಶೀಲಿಸಿ, ಅದನ್ನು 'ಸುರಕ್ಷಿತ ತ್ರಿಭುಜ' ಎಂದು ಸ್ವೀಕರಿಸಿತು.

ಚೌಕದ ವಿಷಯ ಸ್ವಲ್ಪ ಕಷ್ಟವಾಯಿತು. ಅದು ಒಂದು ಕಡೆ ಹತ್ತು, ಇನ್ನೊಂದು ಕಡೆ ಹನ್ನೊಂದು ಸೆಂಟಿಮೀಟರ್ ಬಂದಿತ್ತು. ಜಯರಾಮಪ್ಪನವರು ಎರಡು ದಿನ ಯೋಚಿಸಿ ಈ ವ್ಯಾಖ್ಯೆಯನ್ನು ಹೇಳಿ ಬರೆಸಿದರು: 'ಯಾವ ಆಕಾರದ ನಾಲ್ಕೂ ಭುಜಗಳು ಸಮನಾಗಿರಬೇಕೆಂದು ಟೆಂಡರಿನಲ್ಲಿ ತಿಳಿಸಲಾಗಿದೆಯೋ ಆ ಆಕಾರಕ್ಕೆ ಚೌಕ ಎಂದು ಹೆಸರು.' ಇದಕ್ಕಿಂತ ಸ್ಪಷ್ಟವಾದ ವ್ಯಾಖ್ಯೆಯನ್ನು ನಾನು ಯಾವ ಪಠ್ಯಪುಸ್ತಕದಲ್ಲೂ ಓದಿಲ್ಲ. ವೃತ್ತದ ಬಗ್ಗೆ ತಕರಾರು ಬರಲಿಲ್ಲ, ಅದನ್ನು ಓಂಕಾರಪ್ಪನವರು ತಟ್ಟೆ ಮಾಡುವವರ ಹತ್ತಿರ ಕೊಂಡಿದ್ದರು.

ಅಯಸ್ಕಾಂತಗಳು ಬಣ್ಣವಿಲ್ಲದೆ ಬಂದಿದ್ದವು. ಒಂದು ತುದಿಗೆ ಕೆಂಪು ಬಳಿದು 'ಉ' ಎಂದೂ, ಇನ್ನೊಂದಕ್ಕೆ ನೀಲಿ ಬಳಿದು 'ದ' ಎಂದೂ ಬರೆಯುವ ಕೆಲಸವನ್ನು ಕೆ.ಜಿ.ಎಫ್. ಚಿನ್ನದ ಗಣಿಯ ನಂದಿದುರ್ಗ ಭಾಗದಲ್ಲಿ, ಕಾರ್ಮಿಕರ ಲೈನ್ ಮನೆಗಳಲ್ಲಿ ವಾಸವಾಗಿರುವ ಪೆರುಮಾಳ್ ಅವರಿಗೆ ವಹಿಸಲಾಯಿತು. ವಯಸ್ಸು ಎಪ್ಪತ್ತು ದಾಟಿದೆ. ಗಣಿ ಮುಚ್ಚುವವರೆಗೆ ಇಪ್ಪತ್ತಾರು ವರ್ಷ ನೆಲದೊಳಗೆ ದುಡಿದವರು. ಅಲ್ಲಿ ಕಬ್ಬಿಣದ ತೊಟ್ಟಿಗಾಡಿಗಳ ಮೇಲೆ ಅಂಕಿ ಬರೆಯುವುದು ಅವರ ಕೆಲಸವಾಗಿತ್ತು. ಇವತ್ತಿಗೂ ಅವರ ಕೈಬರಹ ಅಚ್ಚಿನ ಹಾಗಿದೆ.

ಪೆರುಮಾಳ್ ಅವರಲ್ಲಿ ಇನ್ನೊಂದು ಗುಣವಿತ್ತು. ಕತ್ತಲಲ್ಲಿ ಅಷ್ಟು ವರ್ಷ ಕಳೆದ ಅವರಿಗೆ ದಿಕ್ಕು ತಲೆಯೊಳಗೇ ಇತ್ತು. ಕಣ್ಣು ಕಟ್ಟಿ ಮೂರು ಸುತ್ತು ತಿರುಗಿಸಿ ನಿಲ್ಲಿಸಿದರೂ ಉತ್ತರ ಎಲ್ಲಿದೆ ಎಂದು ಬೆರಳು ಮಾಡಿ ತೋರಿಸುತ್ತಿದ್ದರು. ಅವರ ಗ್ಯಾಂಗಿನಲ್ಲಿ ಒಂದು ಪದ್ಧತಿ ಇತ್ತು. ಕಂಬಿಯಾಗಲಿ ಮರದ ದಿಮ್ಮಿಯಾಗಲಿ, ಅದು ಎಲ್ಲಿ ಬಿದ್ದಿದೆಯೋ ಅಲ್ಲೇ ಉತ್ತರಕ್ಕಿರುವ ತುದಿಗೆ ಗುರುತು ಹಾಕುವುದು. ಅಯಸ್ಕಾಂತಗಳನ್ನು ತಟ್ಟೆಯಲ್ಲಿ ಸಾಲಾಗಿ ಜೋಡಿಸಿ ಕಳಿಸಿದ್ದರು. ಪೆರುಮಾಳ್ ತಟ್ಟೆಯನ್ನು ಅಂಗಳದಲ್ಲಿಟ್ಟು, ಯಾವ ಯಂತ್ರದ ಸಹಾಯವೂ ಇಲ್ಲದೆ ಉತ್ತರವನ್ನು ಕಂಡುಕೊಂಡು, ಆ ಕಡೆಗಿದ್ದ ತುದಿಗಳಿಗೆಲ್ಲ ಕೆಂಪು ಬಳಿದು 'ಉ' ಬರೆದರು. ಆದರೆ ಅಯಸ್ಕಾಂತಗಳನ್ನು ಜೋಡಿಸುವವರು ಒಂದನ್ನು ಹೀಗೆ, ಪಕ್ಕದ್ದನ್ನು ಹಾಗೆ ಮಲಗಿಸುತ್ತಾರೆ. ಇಲ್ಲದಿದ್ದರೆ ಒಂದಕ್ಕೊಂದು ದೂಡಿಕೊಂಡು ತಟ್ಟೆಯಲ್ಲಿ ನಿಲ್ಲುವುದೇ ಇಲ್ಲ. ಹಾಗಾಗಿ ಸರಿಯಾಗಿ ಅರ್ಧದಷ್ಟಕ್ಕೆ ಉತ್ತರ ಧ್ರುವದ ಮೇಲೆ 'ಉ' ಬಿತ್ತು, ಉಳಿದರ್ಧಕ್ಕೆ ದಕ್ಷಿಣ ಧ್ರುವದ ಮೇಲೆ.

ಇದು ಎರಡು ತಾಲೂಕಿನಲ್ಲೂ ಬೆರಕೆಯಾಗಿ ಹೋಗಿದ್ದರೆ ಯಾರ ಗಮನಕ್ಕೂ ಬರುತ್ತಿರಲಿಲ್ಲವೋ ಏನೋ. ಆದರೆ ಪೆರುಮಾಳ್ ನ್ಯಾಯವಂತರು. ಗಣಿಯಲ್ಲಿ ಎರಡು ತೊಟ್ಟಿಗಾಡಿ ಪಕ್ಕಪಕ್ಕ ನಿಂತರೆ ಇದಕ್ಕೊಂದು ಬುಟ್ಟಿ ಅದಕ್ಕೊಂದು ಬುಟ್ಟಿ ತುಂಬಿ ರೂಢಿಯಾದವರು. ಎಡಗಡೆ ಬಂಗಾರಪೇಟೆಯ ಪೆಟ್ಟಿಗೆ, ಬಲಗಡೆ ಕೆ.ಜಿ.ಎಫ್. ಪೆಟ್ಟಿಗೆ ಇಟ್ಟುಕೊಂಡು ಒಂದು ಅಲ್ಲಿಗೆ, ಒಂದು ಇಲ್ಲಿಗೆ ಹಾಕುತ್ತ ಹೋದರು. ಸಂಜೆಯ ಹೊತ್ತಿಗೆ ಸರಿಯಾದ ನೂರಿಪ್ಪತ್ತೂ ಬಂಗಾರಪೇಟೆಗೆ, ತಿರುಗುಮುರುಗಾದ ನೂರಿಪ್ಪತ್ತೂ ಕೆ.ಜಿ.ಎಫ್.ಗೆ ಸೇರಿದವು. ಜಯರಾಮಪ್ಪನವರು 'ಎಲ್ಲವನ್ನೂ ಖುದ್ದಾಗಿ ಪರೀಕ್ಷಿಸಲಾಗಿದೆ' ಎಂಬ ದೃಢೀಕರಣಕ್ಕೆ ಸಹಿ ಹಾಕಿದರು. ಅಂದು ಹಸುವಿಗೆ ಹುಷಾರಿರಲಿಲ್ಲವಾದ್ದರಿಂದ ಮನೆಯಿಂದಲೇ ಹಾಕಿದರು.

ಒಂದು ವರ್ಷ ಯಾವ ದೂರೂ ಬರಲಿಲ್ಲ. ಪೆಟ್ಟಿಗೆ ಹಾಳಾಗಬಾರದೆಂದು ಎಲ್ಲ ಶಾಲೆಗಳೂ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದವು. ತೆರೆದವರು ಇಬ್ಬರೇ. ಬಂಗಾರಪೇಟೆಯ ಒಂದು ಶಾಲೆಯವರು ತಪಾಸಣೆಯ ದಿನ ತೆರೆದಿದ್ದರು. ಇನ್ನೊಬ್ಬರು ಕೆ.ಜಿ.ಎಫ್. ತಾಲೂಕಿನ ಉರಿಗಾಂನ ಒಂದು ಚಿಕ್ಕ ಶಾಲೆಯ ಸುಕನ್ಯ ಟೀಚರು. ಸಾಮಾನುಗಳನ್ನು ಮಕ್ಕಳ ಕೈಗೆ ಕೊಟ್ಟರೆ ಅವರು ಕಲಿಯುತ್ತಾರೆ ಎಂದು ನಂಬಿರುವವರು. ಅವರ ಮೇಲೆ ಬೇರೆ ಯಾವ ಆಪಾದನೆಯೂ ಇಲ್ಲ.

ಈ ಎರಡೂ ಪೆಟ್ಟಿಗೆಗಳನ್ನು ನೋಡಿದ ಮಗು ಎರಡು ತಾಲೂಕಿನಲ್ಲಿ ಒಂದೇ ಇತ್ತು. ಹೆಸರು ಸಿಂಧು, ಐದನೇ ತರಗತಿ. ತಂದೆ ಮಂಜೇಶ್ ಚಿತ್ರದುರ್ಗದ ಕಡೆಯವರು, ಒಂದು ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ. ಬಾಡಿಗೆ ಮನೆ ಬಂಗಾರಪೇಟೆಯಿಂದ ಉರಿಗಾಂಗೆ ಬದಲಾದಾಗ ಸಿಂಧುವಿನ ಶಾಲೆಯೂ ಬದಲಾಯಿತು. ಬಂಗಾರಪೇಟೆಯಲ್ಲಿ ದಾರ ಕಟ್ಟಿ ತೂಗುಬಿಟ್ಟ ಅಯಸ್ಕಾಂತದ 'ಉ' ಉತ್ತರಕ್ಕೆ ನಿಂತದ್ದನ್ನು ಅವಳು ನೋಡಿದ್ದಳು. ಉರಿಗಾಂನಲ್ಲಿ ತೂಗುಬಿಟ್ಟಾಗ 'ದ' ಹೋಗಿ ಉತ್ತರಕ್ಕೆ ನಿಂತಿತು. ಟೀಚರಿಗೆ ಹೇಳಿದಳು. ಟೀಚರು ಮೊದಲು ನಂಬಲಿಲ್ಲ, ಆಮೇಲೆ ಹನ್ನೊಂದು ಸಲ ತೂಗುಬಿಟ್ಟು ನೋಡಿ ನಂಬಿದರು.

ವಿಷಯ ಅಲ್ಲಿಗೇ ನಿಲ್ಲುತ್ತಿತ್ತು, ಆದರೆ ಏಪ್ರಿಲ್‌ನಲ್ಲಿ ಬಾಲಕಿಯರ ವಸತಿ ಶಾಲೆಯ ಪ್ರವೇಶ ಪರೀಕ್ಷೆ ಬಂತು. ಶಾಲೆ ಬಂಗಾರಪೇಟೆಯ ಹೊರಗಿದೆ. ಊಟ, ವಸತಿ, ಪುಸ್ತಕ ಎಲ್ಲ ಅಲ್ಲೇ, ಹತ್ತನೇ ತರಗತಿಯವರೆಗೆ ಓದಬಹುದು. ಪರೀಕ್ಷೆಯ ಕೊನೆಯಲ್ಲಿ ಒಂದು ಅಂಕದ ಪ್ರಯೋಗವಿತ್ತು: 'ತೂಗುಬಿಟ್ಟ ಅಯಸ್ಕಾಂತದ ಯಾವ ತುದಿ ಉತ್ತರಕ್ಕೆ ನಿಲ್ಲುತ್ತದೆ? ನೋಡಿ ಬರೆಯಿರಿ.' ನೋಡಿ ಎಂಬ ಪದವನ್ನು ಯಾರು ಸೇರಿಸಿದರೋ ತಿಳಿಯದು, ಎಲ್ಲ ತೊಂದರೆಯೂ ಅದರಿಂದಲೇ ಆದದ್ದು. ಕೆ.ಜಿ.ಎಫ್. ಕೇಂದ್ರದಲ್ಲಿ ಮುನ್ನೂರು ಮಕ್ಕಳು ನೋಡದೆ 'ಉ' ಎಂದು ಬರೆದು ಅಂಕ ಪಡೆದರು. ಸಿಂಧು ನೋಡಿ 'ದ' ಎಂದು ಬರೆದು ಕಳೆದುಕೊಂಡಳು. ಪ್ರವೇಶಕ್ಕೆ ಅರವತ್ತೊಂದು ಬೇಕಿತ್ತು, ಅವಳಿಗೆ ಅರವತ್ತು. ವಿಶೇಷವೆಂದರೆ ಶಾಲೆಯಲ್ಲಿ ಒಂದು ಸೀಟು ಖಾಲಿಯೇ ಉಳಿದಿತ್ತು, ಅರವತ್ತೊಂದು ತೆಗೆದ ಮಕ್ಕಳು ಮುಗಿದುಹೋಗಿದ್ದರು. ತಿಂಗಳ ಕೊನೆಯ ದಿನ ಸಂಜೆ ಐದಕ್ಕೆ ಆ ಸೀಟು ರದ್ದಾಗಬೇಕಿತ್ತು.

ಹನ್ನೆರಡು ದಿನ ಬಾಕಿ ಇರುವಾಗ ಸುಕನ್ಯ ಟೀಚರು, ಸಿಂಧು ಮತ್ತು ಅವಳ ಅಜ್ಜಿ ಕಾಂತಮ್ಮ ನಮ್ಮ ಕೋಶಕ್ಕೆ ಬಂದರು. ಟೀಚರು ಮೂರು ಪುಟದ ಮನವಿಯನ್ನು ಓದತೊಡಗಿದರು. ಜಯರಾಮಪ್ಪನವರು ಎರಡನೇ ಪುಟದಲ್ಲಿ ತಡೆದು, ನಿಮಗೆ ಏನು ಬೇಕೋ ಅಷ್ಟು ಹೇಳಿ ಎಂದರು. ಹೇಳಿದವರು ಕಾಂತಮ್ಮ.

"ನಮ್ಮ ಹುಡುಗನ್ನ ಫ್ಯಾಕ್ಟ್ರಿಯೋರು ಎಲ್ಲಿ ಕಳಿಸ್ತಾರೋ ಅಲ್ಲಿಗೆ ಗಂಟು ಕಟ್ಟಬೇಕು ಸ್ವಾಮಿ. ಈ ಕೂಸಿಗೆ ಮೂರು ವರ್ಷದಾಗೆ ಇದು ನಾಕನೇ ಸಾಲಿ. ಒಂದು ಗೆಳತಿ ಮಾಡ್ಕೊಳ್ಳೋ ಹೊತ್ತಿಗೆ ಊರು ಬಿಡಿಸ್ತೀವಿ. ಒಂದ್ ಕಡಿ ಕುಂತು ಓದ್ಲಿ ಅಂತ, ಅಷ್ಟೇ ನಾನು ಕೇಳೋದು."

ಜಯರಾಮಪ್ಪನವರು ಪೆನ್ನು ಕೆಳಗಿಟ್ಟರು. ಅಯಸ್ಕಾಂತವನ್ನು ಇಲ್ಲೇ ಪರೀಕ್ಷೆ ಮಾಡೋಣ ಎಂದರು. ಫ್ಯಾನು ನಿಲ್ಲಿಸಿ, ಕಡತದ ದಾರ ಬಿಚ್ಚಿ, ಟೀಚರು ತಂದಿದ್ದ ಅಯಸ್ಕಾಂತವನ್ನು ಜಂತಿಯ ಕೊಕ್ಕೆಗೆ ತೂಗುಬಿಟ್ಟೆವು. ನಮ್ಮ ಕಿಟಕಿಯಿಂದ ಬೆಳಗಿನ ಬಿಸಿಲು ಬರುತ್ತದೆ. ಸಿಂಧು ಬಲಗೈಯನ್ನು ಕಿಟಕಿಯ ಕಡೆ ಚಾಚಿ ನಿಂತಳು. ಅವಳ ಎದುರಿಗೆ ಬಂದದ್ದು ನಮ್ಮ ದೊಡ್ಡ ಬೀರು. 'ದ' ಎಂದು ಬರೆದ ತುದಿ ಎರಡು ಸಲ ತೂಗಾಡಿ ನೇರ ಆ ಬೀರುವಿನ ಕಡೆಗೇ ನಿಂತಿತು.

ಅದು ಕಬ್ಬಿಣದ ಬೀರು, ಎಳೀತೈತೆ, ಲೆಕ್ಕಕ್ಕಿಲ್ಲ ಎಂದರು ಸಾಹೇಬರು. ಹಾಗಾಗಿ ಬೀರುವನ್ನು ಜಾಗ ಬದಲಿಸಲಾಯಿತು. ಕೋಶ ಸ್ಥಾಪನೆಯಾದ ಮೇಲೆ ಅದು ಅಲುಗಿದ್ದು ಅದೇ ಮೊದಲು. ಅದರ ಹಿಂದೆ, ಎರಡು ವರ್ಷದಿಂದ ಕಾಣೆಯಾಗಿದ್ದ 'ಕಾಣೆಯಾದ ಕಡತಗಳ ಪಟ್ಟಿ' ಸಿಕ್ಕಿತು. ಬೀರು ವರಾಂಡಕ್ಕೆ ಹೋದರೂ 'ದ' ಅಲ್ಲೇ ನಿಂತಿತ್ತು. ಅದನ್ನು ಇಳಿಸಿ ಬಂಗಾರಪೇಟೆಯ ಒಂದು ಶಾಲೆಯ ಪೆಟ್ಟಿಗೆಯಿಂದ ಒಂದನ್ನು ತರಿಸಿ ಕಟ್ಟಿದೆವು. ಅದು 'ಉ' ತೋರಿಸಿತು.

ಜಯರಾಮಪ್ಪನವರು ಆ ಮಗುವನ್ನೇ ನೋಡುತ್ತಿದ್ದರು.

"ನೀನ್ ಹೇಳಿದ್ದು ಸರಿ ಕಣಮ್ಮ," ಎಂದರು. "ಬಾಯಲ್ಲಿ ಬೇಕಾದ್ರೆ ನೂರು ಸಲ ಹೇಳ್ತೀನಿ. ಬರ್ದು ಕೊಡಾಕಾಗಲ್ಲ."

ಬರೆದುಕೊಟ್ಟರೆ ಆಗುವುದೇನು ಎಂದು ಅವರು ಟೀಚರಿಗೆ ವಿವರಿಸಿದರು. ನೂರಿಪ್ಪತ್ತು ಶಾಲೆಗಳ ಸಾಮಗ್ರಿ ದೋಷಪೂರಿತ ಎಂದಾಗುತ್ತದೆ. ಪರೀಕ್ಷಿಸಿದ್ದೇನೆ ಎಂದು ಸಹಿ ಮಾಡಿದವರು ಯಾರು ಎಂಬ ಪ್ರಶ್ನೆ ಬರುತ್ತದೆ. ಮುನ್ನೂರು ಮಕ್ಕಳಿಂದ ಒಂದೊಂದು ಅಂಕ ವಾಪಸು ಪಡೆಯಬೇಕಾಗುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಏಕರೂಪತಾ ಕೋಶವೇ ಎರಡು ರೂಪ ಹಂಚಿತು ಎಂದಾಗುತ್ತದೆ. ಟೀಚರು, ಹಾಗಾದರೆ ಈ ಮಗುವಿನ ಗತಿ ಏನು ಸಾರ್ ಎಂದು ಕೇಳಿದರು. ಪರಿಶೀಲಿಸಲಾಗುವುದು ಎಂದು ಸಾಹೇಬರು ಕಡತದ ಕನ್ನಡದಲ್ಲಿ ಉತ್ತರಿಸಿದರು. ಕಾಂತಮ್ಮನಿಗೂ ಅರ್ಥವಾಯಿತು, ಸೆರಗಿನಿಂದ ಮುಖ ಒರೆಸಿಕೊಂಡರು.

ಮರುದಿನ ಪೆರುಮಾಳ್ ಅವರನ್ನು ವಿಚಾರಣೆಗೆ ಕರೆಸಿದೆವು. ಬಿಳಿ ಅಂಗಿ ಇಸ್ತ್ರಿ ಮಾಡಿಸಿ ಹಾಕಿಕೊಂಡು ಮಾರಿಕುಪ್ಪಂ ರೈಲಿನಲ್ಲಿ ಬಂದರು. ಟೀಚರು ಮತ್ತು ಸಿಂಧು ಅಷ್ಟರಲ್ಲಿ ಮತ್ತೆ ಬಂದು ಕುಳಿತಿದ್ದರು. ಅವರು ಆ ಹನ್ನೆರಡು ದಿನವೂ ಬಂದರು. ಪೆರುಮಾಳ್ ತನ್ನ ಉತ್ತರ ಎಂದೂ ತಪ್ಪಿದ್ದಿಲ್ಲ ಎಂದು ಹೆಮ್ಮೆಯಿಂದಲೇ ಹೇಳಿದರು. ಆಮೇಲೆ ಎರಡು ತಾಲೂಕಿನ ಎರಡು ಅಯಸ್ಕಾಂತಗಳನ್ನು ಕೈಗೆತ್ತಿಕೊಂಡು ಕೆಂಪು ತುದಿಗಳನ್ನು ಹತ್ತಿರ ತಂದರು. ದೂಡಬೇಕಾದ ತುದಿಗಳು ಟಪ್ಪೆಂದು ಕಚ್ಚಿಕೊಂಡವು. ಮುದುಕರು ಅವನ್ನು ಬಿಡಿಸಲಿಲ್ಲ. ಹಾಗೇ ಹಿಡಿದುಕೊಂಡು ಕುಳಿತರು.

"ತಪ್ಪು ನಂದೇ ಸಾರ್," ಎಂದರು ಕೊನೆಗೆ, ತಮಿಳು ಬೆರೆತ ತಮ್ಮ ಕನ್ನಡದಲ್ಲಿ. "ಎರಡು ನಾಳ್, ಎರಡೇ ದಿನ ಕೊಡಿ. ನೂರಿಪ್ಪತ್ತೂ ಕೆರೆದು ಬೇರೆ ಬರ್ದು ಕೊಡ್ತೀನಿ. ಕೂಲಿ ವೇಂಡ, ಬಣ್ಣ ಕೂಡ ನಂದೇ." ಆಮೇಲೆ ಸಿಂಧುವಿನ ಕಡೆ ತಿರುಗಿದರು. "ನೀನು ನೋಡಿ ಬರ್ದೆ ಪಾಪಾ. ನಾನು ನೋಡ್ದೆ ಬರ್ದೆ."

ಈ ಮಾತಿಗೆ ಕಡತದಲ್ಲಿ ಅಂಕಣವಿಲ್ಲ, ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಪೆರುಮಾಳ್ ಅವರ ಕೋರಿಕೆಯನ್ನು ಒಪ್ಪಲು ಬರುವಂತಿರಲಿಲ್ಲ. ಸರ್ಕಾರಿ ಸಾಮಗ್ರಿಗೆ ಟೆಂಡರಿಲ್ಲದೆ ಬಣ್ಣ ಬಳಿಯುವಂತಿಲ್ಲ. ಟೆಂಡರು ಕರೆಯಲು ಹಳೆಯ ಬಣ್ಣ ಹಾಳಾಗಿರಬೇಕು. ಪೆರುಮಾಳ್ ಬಳಿದ ಬಣ್ಣ ಒಂದಿಷ್ಟೂ ಮಾಸಿರಲಿಲ್ಲ. ಮೇಲಾಗಿ ಕೂಲಿ ಬೇಡ ಎನ್ನುವವರಿಂದ ಕೆಲಸ ಮಾಡಿಸಿಕೊಳ್ಳಲು ಯಾವ ನಮೂನೆಯೂ ಇಲ್ಲ. ಓಂಕಾರಪ್ಪನವರನ್ನು ಫೋನಿನಲ್ಲಿ ಕೇಳಿದ್ದಕ್ಕೆ, ತಾನು ಅಯಸ್ಕಾಂತ ಕೊಡಲು ಒಪ್ಪಿದ್ದೆನೇ ಹೊರತು ದಿಕ್ಕು ಕೊಡಲು ಒಪ್ಪಿರಲಿಲ್ಲ ಎಂದರು. ಕರಾರು ತೆಗೆದು ನೋಡಿದೆವು, ಅವರ ಮಾತು ನಿಜವಾಗಿತ್ತು.

ಹೀಗೆ ಅಯಸ್ಕಾಂತವನ್ನು ಬದಲಾಯಿಸುವ ದಾರಿ ಮುಚ್ಚಿದ ಮೇಲೆ ಉಳಿದದ್ದು ನಿಯಮವನ್ನು ಬದಲಾಯಿಸುವ ದಾರಿ. ಜಯರಾಮಪ್ಪನವರು ಒಂಬತ್ತು ದಿನ ಅದರಲ್ಲೇ ಮುಳುಗಿದ್ದರು. ಆ ದಿನಗಳಲ್ಲಿ ಅವರು ಸರಿಯಾಗಿ ಊಟ ಮಾಡಿದ್ದನ್ನು ನಾನು ನೋಡಲಿಲ್ಲ. ಹತ್ತನೇ ದಿನ ಹೊರಟ ಸುತ್ತೋಲೆಯ ಮೊದಲ ಅಂಶವೇ ಈ ಬರಹದ ಮೊದಲ ವಾಕ್ಯ. ಉಳಿದ ಮುಖ್ಯಾಂಶಗಳು ಹೀಗಿವೆ:

'ಅಂಶ 2: ಅಯಸ್ಕಾಂತವನ್ನು ಒಂದು ತಾಲೂಕಿನಿಂದ ಇನ್ನೊಂದಕ್ಕೆ ಕೊಂಡೊಯ್ಯುವವರು ಗಡಿ ದಾಟಿದ ಕೂಡಲೇ ಅದನ್ನು ಕೈಯಾರೆ ತಿರುಗಿಸಿಕೊಳ್ಳತಕ್ಕದ್ದು.

ಅಂಶ 3: ಗಡಿಯ ಮೇಲೆಯೇ ಇರುವ ಅಯಸ್ಕಾಂತವು ಸಮಸ್ಯೆ ಇತ್ಯರ್ಥವಾಗುವವರೆಗೆ ಪೂರ್ವ ಪಶ್ಚಿಮವಾಗಿ ಮಲಗತಕ್ಕದ್ದು.

ಅಂಶ 4: ಇದರಿಂದ ಭೂಮಿಗೆ ಯಾವುದೇ ಹೆಚ್ಚುವರಿ ಹೊರೆಯಾಗದು.'

ಸುತ್ತೋಲೆಯನ್ನು ಎಲ್ಲರೂ ಮೆಚ್ಚಿದರು. ಸಾಮಗ್ರಿ ಸರಿಯಾಯಿತು, ಸಹಿ ಸರಿಯಾಯಿತು, ಮುನ್ನೂರು ಮಕ್ಕಳ ಅಂಕ ಉಳಿಯಿತು. ಉಳಿಯದೆ ಹೋದದ್ದು ಸಿಂಧುವಿನದು ಒಂದೇ. ಸುತ್ತೋಲೆ ಹೊರಟ ದಿನದಿಂದ ಜಾರಿ, ಪರೀಕ್ಷೆ ನಡೆದದ್ದು ಅದಕ್ಕೆ ಮುಂಚೆ. ಅಂದರೆ ಪರೀಕ್ಷೆಯ ದಿನ ಕೆ.ಜಿ.ಎಫ್. ತಾಲೂಕಿನಲ್ಲಿ ಅಯಸ್ಕಾಂತಕ್ಕೆ ಧ್ರುವಗಳೇ ನಿಗದಿಯಾಗಿರಲಿಲ್ಲ. ಇಲ್ಲದ ಧ್ರುವಕ್ಕೆ ಕಳೆದ ಅಂಕವನ್ನು ಹಿಂದಿರುಗಿಸಲು ಬಾರದು. ಕೊನೆಗೆ ಜಯರಾಮಪ್ಪನವರೇ ಒಂದು ದಾರಿ ಹುಡುಕಿದರು. ಆ ಒಂದು ಅಂಕಕ್ಕೆ ಮರು ಮೌಖಿಕ ಪರೀಕ್ಷೆ, ತಿಂಗಳ ಕೊನೆಯ ದಿನ ಮಧ್ಯಾಹ್ನ ಮೂರಕ್ಕೆ, ನಮ್ಮ ಕೋಶದಲ್ಲೇ. ನನ್ನನ್ನು ಪಕ್ಕಕ್ಕೆ ಕರೆದು, ಆ ಮಗೀಗೆ ಸುತ್ತೋಲೆದೊಂದು ಕಾಪಿ ಕೊಟ್ಟು ಅದ್ರಲ್ಲಿರಾದೇ ಹೇಳಾಕೆ ಹೇಳ್ಲಾ, ಉಳಿದಿದ್ದು ನಾನ್ ನೋಡ್ಕಂತೀನಿ ಎಂದರು.

ಕೊಟ್ಟೆ. ಸಿಂಧು ವರಾಂಡದ ಬೀರುವಿಗೆ ಒರಗಿಕೊಂಡು ಎರಡು ಸಲ ಓದಿದಳು. ಅಜ್ಜಿ ಪಕ್ಕದಲ್ಲಿ ಕೂತು, ಸಾಹೇಬರು ಹೇಳಿದಂಗೆ ಹೇಳವ್ವ, ನಿಂದೇನೂ ಗಂಟು ಹೋಗಲ್ಲ ಎಂದು ಬೇಡಿಕೊಳ್ಳುತ್ತಿದ್ದರು. ನೋಡಿ ಬರೆ ಎಂದು ಕಲಿಸಿದ ಸುಕನ್ಯ ಟೀಚರು ವರಾಂಡದ ಆ ತುದಿಗೆ ಹೋಗಿ ನಿಂತರು. ಸಿಂಧು ನನ್ನನ್ನು ಕೇಳಿದಳು, ಇದನ್ನು ಬರೆದವರು ನೋಡಿ ಬರೆದರಾ ಎಂದು. ನಾನು ಟೈಪು ಮಾಡಿದವನು ಮಾತ್ರ ಎಂದೆ.

ಮೂರು ಗಂಟೆಗೆ ವಸತಿ ಶಾಲೆಯ ಮುಖ್ಯೋಪಾಧ್ಯಾಯಿನಿ ಶ್ಯಾಮಲ ಮೇಡಂ ಬಂದರು. ಮಾತು ಕಡಿಮೆ, ಕನ್ನಡಕ ದೊಡ್ಡದು. ಮೌಖಿಕ ಪರೀಕ್ಷೆಯಲ್ಲಿ ಪ್ರಶ್ನೆಯನ್ನು ಚೀಟಿ ಎತ್ತಿ ಆರಿಸಬೇಕೆಂಬ ನಿಯಮ ಇರುವುದು ನಮಗೆ ತಿಳಿದದ್ದು ಅವರು ಬಂದ ಮೇಲೆ. ಪೆಟ್ಟಿಗೆಯಲ್ಲಿದ್ದ ಐದೂ ವಸ್ತುಗಳ ಹೆಸರನ್ನು ಚೀಟಿಗಳಲ್ಲಿ ಬರೆದು ಡಬ್ಬಿಗೆ ಹಾಕಿದೆವು. ಮೇಡಂ ಎತ್ತಿದ ಚೀಟಿಯಲ್ಲಿ ಅಯಸ್ಕಾಂತ ಬರಲಿಲ್ಲ, ತ್ರಿಭುಜ ಬಂತು. ಜಯರಾಮಪ್ಪನವರ ಮುಖ ಸಣ್ಣದಾಯಿತು. ತ್ರಿಭುಜದ ವಿಷಯವನ್ನು ಅವರು ಮಗುವಿಗೆ ಹೇಳಿಸಿರಲಿಲ್ಲ.

ಶ್ಯಾಮಲ ಮೇಡಂ ಪೆಟ್ಟಿಗೆಯಿಂದ ಸುರಕ್ಷಿತ ತ್ರಿಭುಜವನ್ನು ತೆಗೆದು ಸಿಂಧುವಿನ ಕೈಗೆ ಕೊಟ್ಟು, ಈ ಆಕಾರದ ಹೆಸರೇನು ಎಂದು ಕೇಳಿದರು. ಸಿಂಧು ಅದರ ಅಂಚಿನ ಮೇಲೆ ಬೆರಳಾಡಿಸುತ್ತ ಮೂಲೆಗಳನ್ನು ಎಣಿಸಿದಳು. ಒಂದು ಸುತ್ತು ಎಣಿಸಿ, ಮತ್ತೊಂದು ಸುತ್ತು ಎಣಿಸಿದಳು. ಕಾಂತಮ್ಮ ಬಾಗಿಲಲ್ಲಿ ಕೈಮುಗಿದು ನಿಂತಿದ್ದರು. ಗಡಿಯಾರದಲ್ಲಿ ಮೂರೂಕಾಲಾಗಿತ್ತು. ಈ ಹುಡುಗಿ ನೋಡಿದ್ದನ್ನೇ ಹೇಳುತ್ತಾಳೆ, ಸೀಟು ಹೋಗುತ್ತದೆ, ಮುಂದಿನ ವರ್ಷ ಐದನೇ ಶಾಲೆಗೆ ಹೋಗುತ್ತಾಳೆ ಎಂದು ನನಗೆ ಖಾತ್ರಿಯಾಗಿತ್ತು.

ಸಿಂಧು ತಲೆಯೆತ್ತಿದಳು. "ಯಾವ ಸುತ್ತೋಲೆ ಪ್ರಕಾರ ಹೇಳ್ಬೇಕು ಮೇಡಂ?"

ಕೋಶ ಸ್ಥಾಪನೆಯಾದಾಗಿನಿಂದ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಜಯರಾಮಪ್ಪನವರು ಕುರ್ಚಿಯಿಂದ ಅರ್ಧ ಎದ್ದರು. ನಿವೃತ್ತಿಗೆ ಎರಡು ವರ್ಷವಿರುವ ಮನುಷ್ಯ, ಅವರ ಕಣ್ಣಲ್ಲಿ ನೀರಾಡಿದ್ದನ್ನು ನಾನು ನೋಡಿದೆ. ಶ್ಯಾಮಲ ಮೇಡಂ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು.

"ಕಡತದ ಪ್ರಕಾರ ಹೇಳು," ಎಂದರು.

"ತ್ರಿಭುಜ."

"ಕೈಯಲ್ಲಿರೋದರ ಪ್ರಕಾರ?"

"ಆರು ಮೂಲೆ ಅದಾವ್ರಿ. ತ್ರಿಭುಜ ಅಲ್ಲ."

ಮೇಡಂ ಅಂಕಪಟ್ಟಿಯಲ್ಲಿ ಕಡತಕ್ಕೆ ಅರ್ಧ, ಕೈಗೆ ಅರ್ಧ ಎಂದು ಬರೆದು, ಕೂಡಿಸಿ ಒಂದು ಹಾಕಿ ಸಹಿ ಮಾಡಿದರು. ಅರವತ್ತೊಂದಾಯಿತು. ಕಾಂತಮ್ಮ ಮೊದಲು ಟೀಚರ ಕೈ ಹಿಡಿದುಕೊಂಡರು, ಆಮೇಲೆ ಯಾಕೋ ನನ್ನ ಕೈಯನ್ನೂ ಹಿಡಿದುಕೊಂಡರು. ಅಂದು ಕೆಳಗಿನ ಅಂಗಡಿಯಿಂದ ಎಲ್ಲರಿಗೂ ಪಾನಿಪೂರಿ ತರಿಸಿದವರು ಜಯರಾಮಪ್ಪನವರು. ಅವರು ಹೀಗೆ ತರಿಸಿದ್ದನ್ನು ನಾನು ಹಿಂದೆಯೂ ನೋಡಿಲ್ಲ, ಮುಂದೆಯೂ ನೋಡಲಿಲ್ಲ.

ಜೂನ್ ಮೊದಲ ವಾರ ದಾಸ್ತಾನು ಪರಿಶೀಲನೆಗೆಂದು ಕೆ.ಜಿ.ಎಫ್. ಕಡೆಯ ರೈಲಿನ ಕೊನೆಯ ನಿಲ್ದಾಣವಾದ ಮಾರಿಕುಪ್ಪಂಗೆ ಹೋಗಿದ್ದೆ. ವಾಪಸು ಬರುವ ಗಾಡಿಯಲ್ಲಿ ಉರಿಗಾಂನಲ್ಲಿ ಸಿಂಧು ಮತ್ತು ಕಾಂತಮ್ಮ ಹತ್ತಿದರು. ತಗಡಿನ ಟ್ರಂಕನ್ನು ಪೆರುಮಾಳ್ ಹೊತ್ತು ತಂದಿದ್ದರು, ಅವರೂ ಹತ್ತಿದರು. ಹುಡುಗಿಯನ್ನು ವಸತಿ ಶಾಲೆಗೆ ಬಿಡಲು ಹೊರಟಿದ್ದರು. ಸುಕನ್ಯ ಟೀಚರು ಎರವಲು ವಹಿಯಲ್ಲಿ ಸಹಿ ಮಾಡಿಸಿಕೊಂಡು ಶಾಲೆಯ ಅಯಸ್ಕಾಂತವನ್ನು ಅವಳಿಗೆ ಒಂದು ತಿಂಗಳ ಮಟ್ಟಿಗೆ ಕೊಟ್ಟಿದ್ದರು. ಸಿಂಧು ಅದನ್ನು ಕರ್ಚೀಫಿನಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದಳು.

ನಮ್ಮ ಸುತ್ತೋಲೆ ಅಷ್ಟರಲ್ಲಿ ಎಲ್ಲ ಕಡೆ ಅಂಟಿತ್ತು, ಸ್ಟೇಷನ್ನಿನ ಗೋಡೆಯ ಮೇಲೂ ಇತ್ತು. ಗಡಿ ದಾಟಿತು ಎಂದು ಯಾರೋ ಅಂದಾಜಿನಲ್ಲಿ ಹೇಳಿದರು. ಎದುರು ಸೀಟಿನಲ್ಲಿದ್ದ ಹಾಲಿನ ಕ್ಯಾನಿನವರು, ಏನ್ ಪಾಪ, ನಿನ್ ಅಯಸ್ಕಾಂತ ತಿರುಗಿಸ್ಕಂಡಾ ಎಂದು ನೆನಪಿಸಿದರು. ಸಿಂಧು ಕರ್ಚೀಫನ್ನು ಅತ್ತಿಂದಿತ್ತ ತಿರುಗಿಸಿ ಇಟ್ಟುಕೊಂಡಳು. ಡಬ್ಬಿಯಲ್ಲಿದ್ದವರೆಲ್ಲ ನಿರಾಳವಾದರು.

ಬಂಗಾರಪೇಟೆಯಲ್ಲಿ ಇಳಿದು, ಗಾಡಿ ಮುಂದೆ ಹೋದ ಮೇಲೆ, ಪ್ಲಾಟ್‌ಫಾರಂ ಕೊನೆಯ ಮರದ ಕೆಳಗೆ ಕಾಂತಮ್ಮ ಮೊಮ್ಮಗಳನ್ನು ನಿಲ್ಲಿಸಿದರು. ಹೊಸ ಶಾಲೆಗೆ ಹೋಗುವ ಮೊದಲು ಎಲ್ಲ ಕ್ರಮವಾಗಿದೆಯೇ ನೋಡಿಬಿಡು ಎಂದರು. ಪೆರುಮಾಳ್ ಜೇಬಿನಿಂದ ದಾರ ತೆಗೆದುಕೊಟ್ಟರು. ಸಿಂಧು ಅಯಸ್ಕಾಂತವನ್ನು ತೂಗುಬಿಟ್ಟು, ಅಂಶ ಎರಡರ ಪ್ರಕಾರ 'ಉ' ತುದಿಯನ್ನು ಕೈಯಿಂದ ಉತ್ತರಕ್ಕೆ ತಿರುಗಿಸಿ, ಮೆಲ್ಲಗೆ ಬಿಟ್ಟಳು. ಅದು ನಿಧಾನವಾಗಿ ತಿರುಗಿ 'ದ' ತುದಿಯನ್ನೇ ಉತ್ತರಕ್ಕೆ ತಂದು ನಿಂತಿತು. ಮತ್ತೆ ತಿರುಗಿಸಿದಳು, ಮತ್ತೆ ಹಾಗೇ ಆಯಿತು. ಹಾಲಿನವರು, ಹೂವಿನವರು, ಟಿಕೆಟ್ ನೋಡುವವರು ಸುತ್ತ ನಿಂತು ನೋಡುತ್ತಿದ್ದರು. ಪೆರುಮಾಳ್ ಆ 'ದ' ಅಕ್ಷರವನ್ನು ನೋಡಿ, ತಲೆಯೊಳಗಿನ ಉತ್ತರದ ಕಡೆ ಒಮ್ಮೆ ನೋಡಿ, ಸುಮ್ಮನೆ ತಲೆಯಾಡಿಸಿದರು.

"ಯಾಕವ್ವ ನಿಲ್ಲವಲ್ದು?" ಎಂದರು ಕಾಂತಮ್ಮ ಗಾಬರಿಯಿಂದ.

"ಅದಕ್ಕಿನ್ನೂ ಸುತ್ತೋಲೆ ಮುಟ್ಟಿಲ್ಲ ಅಜ್ಜಿ," ಎಂದಳು ಸಿಂಧು.

ಸುತ್ತ ನಿಂತವರೆಲ್ಲ ಹೌದೆಂದರು. ಟಪಾಲು ಈಗೀಗ ಬಹಳ ತಡ ಎಂದರು ಟಿಕೆಟ್ ನೋಡುವವರು. ತನ್ನ ಪಿಂಚಣಿ ಕಾಗದಕ್ಕೆ ಏಳು ವರ್ಷ ಹಿಡಿದಿತ್ತು ಎಂದರು ಪೆರುಮಾಳ್. ಸಿಂಧು ಅಯಸ್ಕಾಂತವನ್ನು ಮತ್ತೆ ಕರ್ಚೀಫಿನಲ್ಲಿ ಸುತ್ತಿಕೊಂಡಳು. ಮೂವರೂ ಟ್ರಂಕು ಹಿಡಿದು ವಸತಿ ಶಾಲೆಯ ಆಟೋ ಹತ್ತಿದರು.

ಮರುದಿನ ಕಚೇರಿಗೆ ಹೋದವನೇ ರವಾನೆ ವಹಿಯನ್ನು ತೆಗೆದು ನೋಡಿದೆ. ಸುತ್ತೋಲೆಯ ಪ್ರತಿಗಳು ಎಲ್ಲ ಶಾಲೆಗಳಿಗೆ ಹೋಗಿದ್ದವು, ರೈಲು ನಿಲ್ದಾಣಗಳಿಗೆ ಹೋಗಿದ್ದವು, ಓಂಕಾರಪ್ಪನವರಿಗೂ ಹೋಗಿತ್ತು. ಅಯಸ್ಕಾಂತದ ಹೆಸರು ಪಟ್ಟಿಯಲ್ಲಿ ನಿಜವಾಗಿಯೂ ಇರಲಿಲ್ಲ. ಲೋಪ ನನ್ನದೇ. ಕೂಡಲೇ ಒಂದು ಸಾಲು ಸೇರಿಸಿದೆ: 'ಪ್ರತಿಯನ್ನು ಅಯಸ್ಕಾಂತಕ್ಕೆ, ಮಾಹಿತಿಗಾಗಿ ಮತ್ತು ಸೂಕ್ತ ಕ್ರಮಕ್ಕಾಗಿ.' ಜಯರಾಮಪ್ಪನವರು ಓದಿ ನೋಡಿ, ಇದು ಮೊದ್ಲೇ ಆಗ್ಬೇಕಿತ್ತು ಕಣ್ಲಾ ಎಂದು ಸಹಿ ಹಾಕಿದರು.